ತೊಳೆದ ನೀರು ಎಲ್ಲಿಗೆ ಹೋಯಿತು?

ಹಳೆಯದನ್ನು ಎಸೆಯಬೇಡಿ, ದುರಸ್ತಿ ಮಾಡಿ ಬಳಸಿ ಎಂಬ ಮಾತನ್ನು ಪರಿಸರಾಸಕ್ತರಾದ ನಾವು ದಶಕಗಳಿಂದ ಹೇಳುತ್ತ ಬಂದಿದ್ದೇವೆ. ಕೊಳ್ಳುಬಾಕ ಸಂಸ್ಕೃತಿಯನ್ನು ಎದುರಿಸಲು ಜನಸಾಮಾನ್ಯನ ಕೈಗೆಟುಕುವ ಮಾರ್ಗ ಅದೊಂದೇ ಎಂದು ನಂಬಿದ್ದೇವೆ. ಆ ನಂಬಿಕೆ ಇಂದಿಗೂ ಸರಿಯಾದದ್ದೇ. ಆದರೆ ದುರಸ್ತಿ ಎಂಬುದು ಒಂದು ಕೆಲಸ. ಅದಕ್ಕೆ ಜಾಗ ಬೇಕು, ಸಾಮಗ್ರಿ ಬೇಕು, ತಿಳಿವಳಿಕೆ ಬೇಕು. ಕೆಲಸ ಮುಗಿದ ಮೇಲೆ ಉಳಿಯುವ ಹೊಲಸಿಗೆ ಒಂದು ದಾರಿಯೂ ಬೇಕು. ಈ ಕೊನೆಯ ಸಂಗತಿಯ ಬಗ್ಗೆ ನಮ್ಮ ಸಭೆಗಳಲ್ಲಾಗಲಿ ಪ್ರಕಟಣೆಗಳಲ್ಲಾಗಲಿ ಗಂಭೀರವಾದ ಚರ್ಚೆ ನಡೆದದ್ದು ತೀರ ಕಡಿಮೆ. ಗುಡ್ಡದ ಕೆಳಗಿನ ಒಂದು ಊರಿನಲ್ಲಿ ನಡೆದ ಘಟನೆ ಆ ಚರ್ಚೆಯನ್ನು ಇನ್ನು ಮುಂದೂಡಲಾಗದು ಎಂಬಂತೆ ಮಾಡಿದೆ.

ಮಲೆನಾಡಿನವರಿಗೆ ಜೀಪಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1940ರ ದಶಕದ ಕೊನೆಗೆ, ವಿಲ್ಲಿಸ್ ಜೀಪುಗಳು ನಮ್ಮ ದೇಶದಲ್ಲಿಯೇ ಜೋಡಣೆಯಾಗತೊಡಗಿದವು. ಅಂದಿನಿಂದ ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿಯೂ ಶಿವಮೊಗ್ಗ, ಉತ್ತರ ಕನ್ನಡಗಳ ಅಡಿಕೆ ಸೀಮೆಯಲ್ಲಿಯೂ ಈ ವಾಹನ ಎತ್ತಿನಗಾಡಿಯ ಉತ್ತರಾಧಿಕಾರಿಯಂತೆ ದುಡಿದಿದೆ. ಗೊಬ್ಬರ ಹೊತ್ತದ್ದು, ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು, ಮದುವೆಯ ದಿಬ್ಬಣ ಕರೆದೊಯ್ದದ್ದು ಎಲ್ಲವೂ ಅದೇ. ಇಂತಹ ಜೀಪುಗಳಲ್ಲಿ ಹಲವು ಇಂದು ಕೊಟ್ಟಿಗೆಯ ಮಗ್ಗುಲಲ್ಲಿ ತುಕ್ಕು ಹಿಡಿದು ನಿಂತಿವೆ. ಇತ್ತೀಚಿನ ವರ್ಷಗಳಲ್ಲಿ ಊರಿಗೆ ಮರಳಿದ ಯುವಕರು, ನಗರದಲ್ಲಿದ್ದುಕೊಂಡು ರಜೆಯಲ್ಲಿ ಬರುವ ಯುವಕರು ಇವುಗಳನ್ನು ಬಿಚ್ಚಿ, ಕೆರೆದು, ಬಣ್ಣ ಬಳಿದು ಮತ್ತೆ ಓಡಿಸುವ ಹವ್ಯಾಸಕ್ಕೆ ಕೈಹಾಕಿದ್ದಾರೆ. ಬೇಕಾದ ಪಾಠವೆಲ್ಲ ಮೊಬೈಲಿನ ಪರದೆಯ ಮೇಲೆ ಸಿಗುತ್ತದೆ. ಕಂಪ್ರೆಸರ್, ಸ್ಪ್ರೇ ಗನ್ನುಗಳು ಬಾಡಿಗೆಗೆ ಸಿಗುತ್ತವೆ.

ಅಂತಹ ಒಬ್ಬ ಯುವಕನ ಮನೆಯಂಗಳದಲ್ಲಿ ನಡೆದದ್ದು ಇದು. ಅಡಿಕೆ ಕೊಯ್ಲಿನ ಕೊನೆಯ ದಿನಗಳು. ಬೇಯಿಸಿದ ಅಡಿಕೆ ಅಂಗಳದ ಅರ್ಧಭಾಗದಲ್ಲಿ ತಟ್ಟಿಯ ಮೇಲೆ ಒಣಗುತ್ತಿತ್ತು. ಉಳಿದರ್ಧದಲ್ಲಿ ಜೀಪಿನ ಬಾನೆಟ್ಟು, ಎರಡು ಮಡ್‌ಗಾರ್ಡ್, ಮುಂದಿನ ಗ್ರಿಲ್ಲು, ಐದು ಚಕ್ರಗಳ ರಿಮ್ಮುಗಳು ಹರಡಿಕೊಂಡಿದ್ದವು. ಹಳೆಯ ಬಣ್ಣವನ್ನು ಎರಡು ದಿನ ಉಪ್ಪುಕಾಗದದಿಂದ ಉಜ್ಜಿ, ಪುಟ್ಟಿ ಹಚ್ಚಿ, ಮೂರನೆಯ ದಿನ ಬಾನೆಟ್ಟನ್ನು ಚಪ್ಪರದ ಗಳುವಿಗೆ ತೂಗುಹಾಕಿ ಹಸಿರು ಬಣ್ಣ ಹೊಡೆಯಲಾರಂಭಿಸಿದ. ಎನಾಮೆಲ್ಲಿನ ಹಳೆಯ ಪದರ ಅಲ್ಲಲ್ಲಿ ಉಳಿದಿದ್ದ ತಗಡಿನ ಮೇಲೆ ಬೇಗ ಒಣಗುವ ಎನ್‌ಸಿ ಬಣ್ಣ ಬಿದ್ದೊಡನೆ ಕೆಳಗಿನ ಪದರವೆದ್ದು ಬೆಂದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಅದನ್ನು ಮುಚ್ಚಲೆಂದು ಮತ್ತಷ್ಟು ಹೊಡೆದಾಗ ಬಣ್ಣ ಕಣ್ಣೀರಿನಂತೆ ಸೋರಿತು. ಅಷ್ಟರಲ್ಲಿ ಗುಡ್ಡದಿಂದ ಬೀಸಿದ ಗಾಳಿ ಹಸಿರು ಮಂಜನ್ನು ಹೊತ್ತು ಅಡಿಕೆಯ ತಟ್ಟಿಗಳ ಮೇಲೆ ಇಳಿಸಿತು. ಕಂಪ್ರೆಸರಿನ ಸದ್ದಿಗೆ ಬೆದರಿದ ಕರು ಹಗ್ಗ ಕಿತ್ತುಕೊಂಡು ಓಡಿ, ಮಣೆಯ ಮೇಲಿದ್ದ ನಾಲ್ಕು ಲೀಟರಿನ ಡಬ್ಬವನ್ನು ಮಗುಚಿಹಾಕಿತು. ಕರುವಿನ ಎರಡು ಕಾಲು, ಅಂಗಳದ ಸಿಮೆಂಟು, ತುಳಸಿಕಟ್ಟೆಯ ಬುಡ ಎಲ್ಲವೂ ಹಸಿರು!

ಇಲ್ಲಿಯವರೆಗಿನದನ್ನು ಕೇಳಿದವರೆಲ್ಲ ನಕ್ಕಿದ್ದಾರೆ, ನಗುವಂತಹದೇ. ನಗಲಾಗದ ಭಾಗ ಆಮೇಲಿನದು. ಗಾಬರಿಗೊಂಡ ಹುಡುಗ ಎರಡು ಲೀಟರ್ ಥಿನ್ನರನ್ನು ಚೆಲ್ಲಿದ ಬಣ್ಣದ ಮೇಲೆ ಸುರಿದು ಹಿಡಿಯಿಂದ ಉಜ್ಜಿದ. ಬಟ್ಟೆ ತೊಳೆಯುವ ಪುಡಿ ಹಾಕಿ ಪೈಪಿನಿಂದ ನೀರು ಬಿಟ್ಟ. ಅರ್ಧ ಗಂಟೆಯಲ್ಲಿ ಅಂಗಳ ಮೊದಲಿನಂತೆ ಸ್ವಚ್ಛವಾಯಿತು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟಾಗ ಜಗಲಿಯ ಮೇಲೆ ಕುಳಿತಿದ್ದ ಅಜ್ಜಿ ಒಂದೇ ಮಾತು ಕೇಳಿದರಂತೆ: "ತೊಳೆದೆಯಲ್ಲ ಮಗಾ, ತೊಳೆದ ನೀರು ಎಲ್ಲಿಗೆ ಹೋಯ್ತು?"

ನೀರು ಚರಂಡಿಯಿಂದ ತೋಟದ ಬಸಿಗಾಲುವೆಗೆ, ಬಸಿಗಾಲುವೆಯಿಂದ ಹಳ್ಳಕ್ಕೆ ಹೋಗಿತ್ತು. ಸಂಜೆಯ ಹೊತ್ತಿಗೆ ಹಳ್ಳದ ಗುಂಡಿಯೊಂದರಲ್ಲಿ ಮೀನುಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಂಗಳದ ಕೆಳಗಿನ ತೆರೆದ ಬಾವಿಯ ನೀರಿಗೆ ಮರುದಿನದಿಂದ ಥಿನ್ನರಿನ ವಾಸನೆ. ಕೆಳಗಿನ ಮನೆಯವರು ಒಂದು ವಾರ ಅಬ್ಬಿಯ ನೀರನ್ನು ಹೊತ್ತು ತಂದರು. ಹಸಿರು ಚುಕ್ಕೆ ಬಿದ್ದ ಅಡಿಕೆಯನ್ನು, ಜನ ಬಾಯಿಗೆ ಹಾಕಿಕೊಳ್ಳುವ ಪದಾರ್ಥವೆಂಬ ಕಾರಣಕ್ಕೆ, ಮನೆಯವರು ಮಾರದೆ ಗುಂಡಿಗೆ ಹಾಕಿದರು. ಅವರ ಈ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಹುಡುಗನಿಗೆ ಎರಡು ದಿನ ತಲೆಸಿಡಿತ, ವಾಕರಿಕೆ.

ಊರಿನವರ ತೀರ್ಪು ಬೇಗ ಹೊರಬಿತ್ತು. "ಬಾರದ ಕೆಲಸಕ್ಕೆ ಕೈಹಾಕಿದ್ದು ತಪ್ಪು, ಪೇಟೆಯ ಗ್ಯಾರೇಜಿಗೆ ಕೊಡಬೇಕಿತ್ತು" ಎಂದರು ಹಲವರು. "ಗುಜರಿಗೆ ಹಾಕಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ" ಎಂದವರೂ ಉಂಟು. ಈ ಎರಡೂ ತೀರ್ಪುಗಳನ್ನು ಒಪ್ಪುವುದು ಕಷ್ಟ. ಹುಡುಗನ ಕೈತಪ್ಪಿಗಿಂತ ದೊಡ್ಡ ಲೋಪವೊಂದು ಇಲ್ಲಿದೆ. ಬಣ್ಣ, ಥಿನ್ನರ್, ಪುಟ್ಟಿಗಳು ತಾಲ್ಲೂಕು ಕೇಂದ್ರದ ಅಂಗಡಿಯಿಂದ ಗುಡ್ಡದ ತುದಿಯ ಮನೆಯವರೆಗೆ ಬರಲು ದಾರಿಯಿದೆ. ಅವುಗಳ ಶೇಷ ಹಿಂದಿರುಗಲು ದಾರಿಯಿಲ್ಲ. ಆ ದಾರಿಯನ್ನು ಮಾಡಿಕೊಳ್ಳದೆ ದುರಸ್ತಿ ಮಾಡಿ ಎಂದು ಉಪದೇಶಿಸುವುದು ಅರ್ಧ ಮಾತು ಮಾತ್ರ.

ಗುಜರಿಯ ವಾದವನ್ನು ಮೊದಲು ನೋಡೋಣ. ಒಂದು ಜೀಪಿನಲ್ಲಿ ಸುಮಾರು ಒಂದು ಟನ್ನಿನಷ್ಟು ಲೋಹವಿದೆ. ಅದರ ಬದಲಿಗೆ ಕೊಳ್ಳುವ ಹೊಸ ವಾಹನದ ಉಕ್ಕು ಯಾವುದೋ ಗುಡ್ಡದ ಅದಿರಿನಿಂದ, ಯಾವುದೋ ಗಣಿಯ ಕಲ್ಲಿದ್ದಲಿನಿಂದ ಬರಬೇಕು. 2005ರ ಡಿಸೆಂಬರ್ 31ರಂದು ನಿಂತ ಕುದುರೆಮುಖದ ಗಣಿಗಾರಿಕೆ ಅದಕ್ಕೂ ಮುನ್ನ ದಶಕಗಳ ಕಾಲ ಭದ್ರೆಯ ಜಲಾನಯನಕ್ಕೆ ಏನು ಮಾಡಿತೆಂಬುದನ್ನು ಕಂಡವರು ನಾವು. ಓಡಬಲ್ಲ ವಾಹನವನ್ನು ಓಡಿಸುವವನು ತನಗರಿವಿಲ್ಲದೆಯೇ ಮತ್ತೊಂದು ಗುಡ್ಡದ ಪರವಾಗಿದ್ದಾನೆ. ಖಾಸಗಿ ವಾಹನಕ್ಕೆ ಹದಿನೈದು ವರ್ಷಗಳ ನಂತರವೂ ತಪಾಸಣೆಗೊಳಪಟ್ಟು ಐದೈದು ವರ್ಷಗಳಿಗೆ ನೋಂದಣಿ ನವೀಕರಿಸಿಕೊಳ್ಳುವ ಅವಕಾಶವನ್ನು ಕಾನೂನು ನೀಡಿದೆ. ಹಳೆಯ ಎಂಜಿನ್ನಿನ ಹೊಗೆಯ ಪ್ರಶ್ನೆ ಬೇರೆಯೇ ಇದೆ. ದಿನವೂ ನೂರಾರು ಮೈಲಿ ಓಡುವ ಗಾಡಿಗೆ ಅದು ದೊಡ್ಡ ಪ್ರಶ್ನೆ, ತೋಟದಿಂದ ಸೊಸೈಟಿಯವರೆಗೆ ಹೋಗಿಬರುವ ಜೀಪಿಗೆ ಅಷ್ಟಲ್ಲ.

ಗ್ಯಾರೇಜಿಗೆ ಕೊಟ್ಟರೆ ಸಮಸ್ಯೆ ಪರಿಹಾರವಾಗುತ್ತದೆಯೆ? ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1989ರಲ್ಲಿಯೇ ಬಣ್ಣ ಹಚ್ಚುವ ವೃತ್ತಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಗತಿಗಳ ಮೊದಲ ಗುಂಪಿಗೆ ಸೇರಿಸಿತು. ಅನಂತರದ ಮರುಪರಿಶೀಲನೆಯಲ್ಲಿಯೂ ಆ ನಿರ್ಣಯ ಬದಲಾಗಲಿಲ್ಲ. ನಮ್ಮ ಪೇಟೆಗಳ ಟಿಂಕರಿಂಗ್ ಶೆಡ್ಡುಗಳಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗನ್ನು ಹಿಡಿದಿರುವವರು ಬಹುಪಾಲು ಬಡ ಮನೆಯ ಹುಡುಗರು. ಶೆಡ್ಡಿನ ಹಿಂದಿನ ಚರಂಡಿಯೂ ಕೊನೆಗೆ ಸೇರುವುದು ತುಂಗೆಯನ್ನೋ ಶರಾವತಿಯನ್ನೋ ನೇತ್ರಾವತಿಯನ್ನೋ. ಹೊಲಸನ್ನು ಇಪ್ಪತ್ತು ಮೈಲಿ ಕೆಳಗೆ ಸಾಗಿಸಿ ನಮ್ಮ ಅಂಗಳ ಶುದ್ಧವಾಯಿತೆಂದುಕೊಳ್ಳುವುದು ನ್ಯಾಯವಲ್ಲ.

"ತೋಟಕ್ಕೆ ಡ್ರಮ್ಮುಗಟ್ಟಲೆ ಔಷಧಿ ಹೊಡೆಯುತ್ತೇವೆ, ಒಂದು ಡಬ್ಬ ಬಣ್ಣದಿಂದೇನು?" ಎಂಬ ಮತ್ತೊಂದು ಪ್ರಶ್ನೆಯೂ ಇದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಅದರ ತಾಮ್ರ ಮಣ್ಣಿನಲ್ಲಿ ಸಂಗ್ರಹವಾಗುವುದೂ ಚಿಂತೆಯ ವಿಷಯವೇ. ಅದರ ಬಗ್ಗೆ ಬೇರೆಯಾಗಿ ಬರೆಯಬೇಕು. ಆದರೆ ಅದನ್ನು ಹೊಡೆಯುವುದು ಮಳೆಗಾಲದಲ್ಲಿ, ಹಳ್ಳಗಳು ಉಕ್ಕಿ ಹರಿಯುವಾಗ. ವಾಹನದ ಬಣ್ಣದ ಕಾಲ ಅದಕ್ಕೆ ತದ್ವಿರುದ್ಧ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಎನ್‌ಸಿ ಬಣ್ಣ ಹೊಡೆದರೆ ಥಿನ್ನರ್ ಆರುವ ವೇಗಕ್ಕೆ ತಗಡಿನ ಮೈ ತಣ್ಣಗಾಗಿ, ಅದರ ಮೇಲೆ ನೀರಿನ ಹನಿ ಕಟ್ಟಿ ಬಣ್ಣ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಮಲೆನಾಡಿನಲ್ಲಿ ಈ ಕೆಲಸಕ್ಕೆಲ್ಲ ಒಣಹವೆಯೇ ಬೇಕು. ಪುಷ್ಯ ಮಾಸದಿಂದ ಮುಂಗಾರಿನವರೆಗಿನ ಅವಧಿಯೇ ಆಗಬೇಕು. ಹಳ್ಳಗಳು ನೂಲಿನಂತೆ ಬಡವಾಗಿ, ಜಲಚರಗಳೆಲ್ಲ ಗುಂಡಿಗಳಲ್ಲಿ ಒತ್ತೊತ್ತಾಗಿ ಬದುಕುಳಿದಿರುವ ಕಾಲವೂ ಅದೇ. ಮಳೆಗಾಲದಲ್ಲಿ ಕೊಚ್ಚಿಹೋಗಬಹುದಾದ ಎರಡು ಲೀಟರ್ ಥಿನ್ನರ್ ಬೇಸಿಗೆಯಲ್ಲಿ ಒಂದು ಗುಂಡಿಯ ಜೀವಗಳನ್ನು ನಿರ್ನಾಮ ಮಾಡಬಲ್ಲದು.

ಥಿನ್ನರ್ ಎಂದರೇನೆಂಬುದನ್ನು ಅಂಗಡಿಯವರೂ ವಿವರಿಸುವುದಿಲ್ಲ. ಟಾಲೂಯಿನ್, ಕ್ಸೈಲೀನ್, ಅಸಿಟೋನ್, ಬ್ಯೂಟೈಲ್ ಅಸಿಟೇಟ್ ಮುಂತಾದ ದ್ರಾವಕಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ ದ್ರವವದು. ಇವುಗಳಲ್ಲಿ ಟಾಲೂಯಿನ್, ಕ್ಸೈಲೀನ್‌ಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಎಣ್ಣೆಯಂತೆ ಮೇಲೆ ತೇಲುತ್ತವೆ. ಹಾಗೆಯೇ ಬಿಟ್ಟಿದ್ದರೆ ಬಹುಭಾಗ ಬಿಸಿಲಿಗೆ ಆವಿಯಾಗುತ್ತಿತ್ತು. ಅದರ ಮೇಲೆ ಸಾಬೂನಿನ ಪುಡಿ ಹಾಕಿ ಉಜ್ಜಿದರೆ ಅದು ಸಣ್ಣ ಸಣ್ಣ ಕಣಗಳಾಗಿ ಒಡೆದು ನೀರಿನ ಒಡಲೊಳಗೆ ಬೆರೆಯುತ್ತದೆ. ಸಾಬೂನಿನ ಪುಡಿಯೂ ಮೀನಿನ ಕಿವಿರುಗಳಿಗೆ ಹಾನಿಕರ. ಅಂಗಳವನ್ನು ಹೊಳೆಯುವಂತೆ ಮಾಡಿದ ಶ್ರಮವೇ ಹಳ್ಳಕ್ಕೆ ಹೆಚ್ಚು ಕೇಡು ಮಾಡಿತು.

ಇನ್ನೊಂದು ಅಪಾಯವನ್ನು ನಮ್ಮ ಮನೆಗಳ ವಿನ್ಯಾಸದ ದೃಷ್ಟಿಯಿಂದ ಹೇಳಲೇಬೇಕು. ಥಿನ್ನರಿನ ಆವಿ ಗಾಳಿಗಿಂತ ಭಾರ. ಅದು ಮೇಲೇರದೆ ನೆಲದ ಮೇಲೆ ಹರಿದು ತಗ್ಗನ್ನು ಸೇರುತ್ತದೆ. ಟಾಲೂಯಿನ್ ಕೇವಲ 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಮಲೆನಾಡಿನ ಮನೆಗಳಲ್ಲಿ ಅಂಗಳದ ಒಂದು ಮೂಲೆಗೆ ಬಚ್ಚಲುಮನೆ, ಅಲ್ಲಿ ದಿನವಿಡೀ ಕೆಂಡವಿರುವ ಒಲೆ. ಆ ದಿನ ಬಚ್ಚಲೊಲೆ ಆರಿತ್ತೆಂಬುದು ಅದೃಷ್ಟ. ಅಗಸೆ ಎಣ್ಣೆ ಹೀರಿದ ಚಿಂದಿಬಟ್ಟೆಯ ಮುದ್ದೆಯಂತೂ ಕಿಡಿಯಿಲ್ಲದೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹುಲ್ಲಿನ ಬಣವೆಯ ಪಕ್ಕದಲ್ಲಿ ಅಂತಹ ಚಿಂದಿಯನ್ನು ಎಸೆಯುವ ಮನೆಗಳನ್ನು ನಾವೆಲ್ಲರೂ ನೋಡಿದ್ದೇವೆ.

ಕಣ್ಣಿಗೆ ಕಂಡ ಹಸಿರಿಗಿಂತ ಕಾಣದ ಧೂಳಿನದು ಹೆಚ್ಚಿನ ಚಿಂತೆ. ಎರಡು ದಿನ ಉಪ್ಪುಕಾಗದದಿಂದ ಉಜ್ಜಿ ತೆಗೆದ ಹಳೆಯ ಬಣ್ಣ ಎಲ್ಲಿ ಹೋಯಿತು? ಅಂಗಳದ ಮಣ್ಣಿಗೆ, ಅಲ್ಲಿ ಆಡುವ ಮಕ್ಕಳ ಕೈಗೆ. ಹಿಂದಿನ ಕಾಲದ ಲೋಹದ ಪ್ರೈಮರುಗಳಲ್ಲಿ ಸೀಸದ ಸಿಂಧೂರ, ಸತುವಿನ ಕ್ರೋಮೇಟ್‌ಗಳ ಬಳಕೆ ವ್ಯಾಪಕವಾಗಿತ್ತು. ಇವು ತುಕ್ಕನ್ನು ತಡೆಯುವುದರಲ್ಲಿ ಎಷ್ಟು ಸಮರ್ಥವೋ ದೇಹಕ್ಕೆ ಅಷ್ಟೇ ವಿಷ. ಇಷ್ಟು ಪ್ರಮಾಣದ ಸೀಸ ದೇಹಕ್ಕೆ ಸುರಕ್ಷಿತ ಎನ್ನಬಹುದಾದ ಮಿತಿಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಮಕ್ಕಳ ಮಿದುಳಿನ ಬೆಳವಣಿಗೆಯ ಮೇಲೆ ಅದರ ಪರಿಣಾಮ ಶಾಶ್ವತ. ಇಂದು ಅಂಗಡಿಯಲ್ಲಿ ಸಿಗುವ ರೆಡ್ ಆಕ್ಸೈಡ್ ಪ್ರೈಮರಿನ ಕೆಂಪನ್ನು ಈ ಸಿಂಧೂರದೊಡನೆ ಗೊಂದಲ ಮಾಡಿಕೊಳ್ಳಬಾರದು. ರೆಡ್ ಆಕ್ಸೈಡಿನ ಕೆಂಪು ಕಬ್ಬಿಣದ ಆಕ್ಸೈಡಿನದು. ನಮ್ಮ ಜಂಬಿಟ್ಟಿಗೆಯ, ಕೆಮ್ಮಣ್ಣಿನ ಕೆಂಪು ಕೂಡ ಅದೇ. ಆದರೆ ಐವತ್ತು ವರ್ಷದ ತಗಡಿನ ಮೇಲಿರುವ ಕೆಂಪು ಪದರ ಇವೆರಡರಲ್ಲಿ ಯಾವುದೆಂದು ಬರಿಗಣ್ಣಿನಿಂದ ಹೇಳಲು ಬಾರದು. ಆದ್ದರಿಂದ ಅದನ್ನು ಸೀಸವೆಂದೇ ಭಾವಿಸಿ ಕೆಲಸ ಮಾಡುವುದು ವಿವೇಕ.

ಕಾನೂನು ಇದನ್ನೆಲ್ಲ ನೋಡಿಕೊಳ್ಳುತ್ತದೆಯಲ್ಲವೆ ಎಂದು ಕೇಳಬಹುದು. ಬಣ್ಣದಲ್ಲಿನ ಸೀಸವನ್ನು ಹತ್ತು ಲಕ್ಷ ಪಾಲಿನಲ್ಲಿ 90 ಪಾಲಿಗೆ ಮಿತಿಗೊಳಿಸುವ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಪ್ರಕಟಿಸಿತು. 2017ರ ನವೆಂಬರಿನಿಂದ ಅದು ಜಾರಿಗೆ ಬಂದಿತು. ಆದರೆ ಅದರ ಹೆಸರೇ ಹೇಳುವಂತೆ ಅದು ಅನ್ವಯಿಸುವುದು ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಿಗೆ. ಗೋಡೆಗೆ ಬಳಿಯುವ ಬಣ್ಣ ಅದರ ಹಿಡಿತಕ್ಕೆ ಬಂದಿದೆ. ಅದೇ ಅಂಗಳದಲ್ಲಿ ಬಾನೆಟ್ಟಿಗೆ ಹೊಡೆಯುವ ವಾಹನದ ಬಣ್ಣ ಆ ವ್ಯಾಪ್ತಿಯ ಹೊರಗಿದೆ. ಮಗುವಿನ ಶ್ವಾಸಕೋಶಕ್ಕಾಗಲಿ ಹಳ್ಳದ ಮೀನಿಗಾಗಲಿ ಈ ವ್ಯತ್ಯಾಸ ತಿಳಿಯದು.

ತ್ಯಾಜ್ಯದ ಕಾನೂನಿನ ಕಥೆಯೂ ಇಂತಹುದೇ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಣ್ಣದ ಡಬ್ಬಗಳನ್ನು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು ಸ್ಪಷ್ಟವಾಗಿ ಹೆಸರಿಸಿದ್ದವು. ಅದನ್ನು ತಂದೊಪ್ಪಿಸಲು ಇಪ್ಪತ್ತು ಚದರ ಕಿಲೋಮೀಟರಿಗೊಂದರಂತೆ ಕೇಂದ್ರಗಳಿರಬೇಕೆಂದೂ ಹೇಳಿದ್ದವು. ಹತ್ತು ವರ್ಷಗಳಲ್ಲಿ ನಮ್ಮ ಸುತ್ತಿನ ಊರುಗಳಲ್ಲಿ ಅಂತಹ ಒಂದು ಕೇಂದ್ರವನ್ನೂ ಯಾರೂ ಕಂಡಿಲ್ಲ. ಅದರ ಸ್ಥಾನದಲ್ಲಿ ಬಂದಿರುವ 2026ರ ನಿಯಮಗಳು ಕಸವನ್ನು ಹಸಿ, ಒಣ, ನೈರ್ಮಲ್ಯ ಹಾಗೂ ವಿಶೇಷ ಎಚ್ಚರಿಕೆಯ ಕಸವೆಂದು ನಾಲ್ಕು ಬಗೆಯಾಗಿ ಬೇರ್ಪಡಿಸಲು ಹೇಳುತ್ತವೆ. ಬಣ್ಣದ ಡಬ್ಬ ಈ ನಾಲ್ಕನೆಯ ಬಗೆಗೆ ಸೇರಿದೆ. ಕಾಗದದ ಮೇಲೆ ವ್ಯವಸ್ಥೆ ಇದ್ದೇ ಇದೆ. ಗ್ರಾಮ ಪಂಚಾಯಿತಿಗಳ ಸ್ವಚ್ಛ ಸಂಕೀರ್ಣಗಳಲ್ಲಿ ಕಸ ವಿಂಗಡಿಸುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಕೇಳಿ ನೋಡಿ: ಅರ್ಧ ಥಿನ್ನರ್ ಉಳಿದ ಡಬ್ಬ ಬಂದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ವ್ಯವಸ್ಥೆ ಬರುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಮನೆಯಲ್ಲಿ ಇಂತಹ ಕೆಲಸ ಮಾಡುವವರು ಪಾಲಿಸಬಹುದಾದ ಕೆಲವು ಸಂಗತಿಗಳಿವೆ. ಅವಕ್ಕೆ ಹೆಚ್ಚಿನ ಖರ್ಚೂ ಬೇಡ.

ಬಣ್ಣ ಚೆಲ್ಲಿದರೆ ಮೊದಲು ಮುಚ್ಚಬೇಕಾದದ್ದು ಚರಂಡಿಯ ಬಾಯನ್ನು. ಒಂದು ಗೋಣಿಚೀಲ, ನಾಲ್ಕು ಬುಟ್ಟಿ ಮಣ್ಣು ಸಾಕು. ಅನಂತರ ಚೆಲ್ಲಿದ್ದರ ಮೇಲೆ ಮರದ ಹೊಟ್ಟು, ಭತ್ತದ ಉಮಿ, ಆರಿದ ಒಲೆಬೂದಿ ಅಥವಾ ಒಣಮರಳನ್ನು ಧಾರಾಳವಾಗಿ ಹರಡಿ, ಅದು ಹೀರಿಕೊಂಡ ಮೇಲೆ ತಗಡಿನ ತುಂಡಿನಿಂದ ಕೆರೆದು ಡಬ್ಬಕ್ಕೆ ತುಂಬಬೇಕು. ನೀರು, ಥಿನ್ನರ್, ಸಾಬೂನಿನ ಪುಡಿ ಮೂರನ್ನೂ ಮುಟ್ಟಬಾರದು. ಸಿಮೆಂಟಿನ ಮೇಲೆ ಹಸಿರು ಕಲೆ ಉಳಿಯುತ್ತದೆ, ಉಳಿಯಲಿ. ಕಲೆಯಿಂದ ಯಾರೂ ಸಾಯುವುದಿಲ್ಲ.

ಹಳೆಯ ಬಣ್ಣವನ್ನು ಒಣಗಿರುವಂತೆಯೇ ಉಜ್ಜುವುದರ ಬದಲು ನೀರು ತಾಗಿಸುತ್ತ ನೀರಿನ ಉಪ್ಪುಕಾಗದದಿಂದ ಉಜ್ಜಿದರೆ ಧೂಳು ಏಳುವುದಿಲ್ಲ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಇಳಿದ ರಾಡಿಯನ್ನು ಒಣಗಿಸಿ ಕಟ್ಟಿಡಬೇಕು. ಬಣ್ಣವನ್ನು ಬೆಂಕಿಯಿಂದ ಸುಟ್ಟು ತೆಗೆಯುವುದು ಸೀಸವನ್ನು ನೇರವಾಗಿ ಉಸಿರಿಗೆ ಕೊಟ್ಟಂತೆ. ಮಕ್ಕಳು, ಬಸುರಿಯರು ಆ ದಿನಗಳಲ್ಲಿ ಅಂಗಳದಿಂದ ದೂರವಿರಬೇಕು.

ಎಲ್ಲಕ್ಕೂ ಗನ್ನು ಬೇಕೆಂಬ ಮೋಹ ಬಿಡಬೇಕು. ಸಾಮಾನ್ಯ ಸ್ಪ್ರೇ ಗನ್ನಿನಿಂದ ಹೊರಟ ಬಣ್ಣದಲ್ಲಿ ವಸ್ತುವಿನ ಮೇಲೆ ನಿಲ್ಲುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಗಾಳಿಯ ಪಾಲು, ಅಡಿಕೆಯ ಪಾಲು. ಛಾಸಿ, ಪಟ್ಟಾಗಳು, ತಳದ ತಗಡು ಇವಕ್ಕೆ ಕುಂಚದಿಂದ ಬಳಿದ ಎನಾಮೆಲ್ ಬಣ್ಣ ಧಾರಾಳವಾಗಿ ಸಾಕು. ರಿಮ್ಮು, ಬ್ರಾಕೆಟ್ಟುಗಳಂತಹ ಬಿಚ್ಚಬಹುದಾದ ಬಿಡಿಭಾಗಗಳನ್ನು ಪೌಡರ್ ಕೋಟಿಂಗ್‌ಗೆ ಕೊಡುವುದು ಉತ್ತಮ. ಅದರಲ್ಲಿ ದ್ರಾವಕವೇ ಇರುವುದಿಲ್ಲ. ಬಣ್ಣದ ಪುಡಿಯನ್ನು 180ರಿಂದ 200 ಡಿಗ್ರಿ ಉಷ್ಣತೆಯ ಒಲೆಯಲ್ಲಿ ಕರಗಿಸಿ ಅಂಟಿಸುತ್ತಾರೆ. ಗನ್ನು ತೊಳೆದ ಥಿನ್ನರನ್ನು ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿಟ್ಟರೆ ಕೆಲ ದಿನಗಳಲ್ಲಿ ಬಣ್ಣ ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಮುಂದಿನ ತೊಳೆತಕ್ಕೆ ಆ ತಿಳಿಯೇ ಸಾಕು. ಬಾಟಲಿಯ ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ, ಒಲೆಯಿಂದ ದೂರ ಇಡಬೇಕು. ಮೈಕೈಗೆ ಹತ್ತಿದ ಎನಾಮೆಲ್ ಬಣ್ಣಕ್ಕೆ ತೆಂಗಿನೆಣ್ಣೆ ಹಚ್ಚಿ ತಿಕ್ಕಿ ಆಮೇಲೆ ಸಾಬೂನು ಬಳಸಿದರೆ ಹೋಗುತ್ತದೆ. ಥಿನ್ನರಿನಿಂದ ಕೈ ತೊಳೆಯುವುದೆಂದರೆ ಅದನ್ನು ಚರ್ಮದ ಮೂಲಕ ಒಳಗೆ ಬಿಟ್ಟುಕೊಂಡಂತೆ.

ಒಂದು ಬಗೆಯ ಬಣ್ಣವನ್ನಂತೂ ಮನೆಯಲ್ಲಿ ಗನ್ನಿನಿಂದ ಹೊಡೆಯಲೇಬಾರದು. ಗಟ್ಟಿಕಾರಕವನ್ನು ಬೆರೆಸಿ ಹೊಡೆಯುವ ಎರಡು ಡಬ್ಬದ ಪಿಯು ಬಣ್ಣ ಅದು. ಅದರ ಹೊಳಪಿಗೆ ಯುವಕರು ಮಾರುಹೋಗುತ್ತಾರೆ. ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಆಸ್ತಮಾ ತರುವಂತಹದು. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಮುಂದೆ ತೀರ ಅಲ್ಪ ಪ್ರಮಾಣವೂ ಉಸಿರುಗಟ್ಟಿಸಬಲ್ಲದು. ಕರವಸ್ತ್ರವಾಗಲಿ ಔಷಧಿ ಅಂಗಡಿಯ ಮುಖಗವಸಾಗಲಿ ಇದನ್ನು ತಡೆಯುವುದಿಲ್ಲ. ಸುಸಜ್ಜಿತ ಕಾರ್ಖಾನೆಗಳಲ್ಲಿ ಇದನ್ನು ಹೊಡೆಯುವವರು ಹೊರಗಿನಿಂದ ಶುದ್ಧಗಾಳಿ ಪೂರೈಸುವ ಮುಖಕವಚ ಧರಿಸಿರುತ್ತಾರೆ.

ವೈಯಕ್ತಿಕ ಎಚ್ಚರಿಕೆ ಇಷ್ಟರಮಟ್ಟಿಗೆ ನೆರವಾದೀತು. ಕಟ್ಟಿಟ್ಟ ರಾಡಿ, ಹೀರಿದ ಹೊಟ್ಟು, ತಳ ಸೇರಿದ ಬಣ್ಣ ಇವನ್ನು ಎಷ್ಟು ವರ್ಷ ಅಟ್ಟದ ಮೇಲೆ ಇಟ್ಟುಕೊಳ್ಳಲು ಸಾಧ್ಯ? ಹೀಗಾಗಿ ಸಾರ್ವಜನಿಕವಾಗಿ ಮೂರು ಕೆಲಸಗಳು ಆಗಬೇಕು.

ಮೊದಲನೆಯದು, ಪ್ರತಿ ಹೋಬಳಿಗೊಂದು ಸಾಮೂಹಿಕ ದುರಸ್ತಿ ಶೆಡ್. ಸೋರದ ನೆಲ, ತೊಳೆದ ನೀರು ಹೊರಹೋಗದ ತೊಟ್ಟಿ, ಹೊರಗಾಳಿಗೆ ಜಾಲರಿಯಿರುವ ಫ್ಯಾನು, ಒಳ್ಳೆಯ ಮುಖಕವಚ ಎರಡು, ಕಲಿಸಿಕೊಡಬಲ್ಲ ಒಬ್ಬ ಅನುಭವಿ. ಜೀಪಿನ ಮಡ್‌ಗಾರ್ಡಷ್ಟೇ ಅಲ್ಲ, ಟಿಲ್ಲರು, ಪಂಪು, ಗೇಟು, ಕಿಟಕಿಯ ಸರಳು ಎಲ್ಲಕ್ಕೂ ಅದು ಒದಗುತ್ತದೆ. ಗೊಬ್ಬರ, ಔಷಧಿ, ದೋಟಿಗಳನ್ನು ಸದಸ್ಯರಿಗೆ ಒದಗಿಸುವ ನಮ್ಮ ಸಹಕಾರ ಸಂಘಗಳಿಗೆ ಇದು ಅಸಾಧ್ಯವಾದ ಕೆಲಸವೇನಲ್ಲ. ದಿನದ ಬಾಡಿಗೆಯಿಂದಲೇ ಅದರ ನಿರ್ವಹಣೆ ನಡೆದೀತು. ಪೇಟೆಯ ಪೇಂಟರ್ ಹುಡುಗರಿಗೂ ವಿಷ ಕುಡಿಯದೆ ದುಡಿಯುವ ಜಾಗವೊಂದು ಸಿಕ್ಕೀತು.

ಎರಡನೆಯದು, ಮಾರುವವರ ಹೊಣೆ. ಬಣ್ಣ, ಥಿನ್ನರ್ ಮಾರುವ ಅಂಗಡಿ ಖಾಲಿ ಡಬ್ಬವನ್ನೂ ಉಳಿದ ಶೇಷವನ್ನೂ ಹಿಂದಕ್ಕೆ ಪಡೆಯಬೇಕು. ಹಳೆಯ ಬ್ಯಾಟರಿಯನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ರಿಯಾಯಿತಿ ಕೊಡುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಡಬ್ಬಕ್ಕೂ ಅಂತಹುದೇ ಠೇವಣಿ ಇಟ್ಟರೆ ಹಳ್ಳದಲ್ಲಿ ಡಬ್ಬ ತೇಲುವುದಿಲ್ಲ.

ಮೂರನೆಯದು, ವರ್ಷಕ್ಕೆ ಎರಡು ಬಾರಿ ಪಂಚಾಯಿತಿಯ ವತಿಯಿಂದ ಸಂಗ್ರಹಣೆ. ಮುಂಗಾರಿಗೆ ಮೊದಲೊಮ್ಮೆ, ದೀಪಾವಳಿಗೆ ಮನೆ ಬಳಿದಾದ ಮೇಲೊಮ್ಮೆ. ಹೀಗೆ ಸೇರಿದ್ದನ್ನು ಕೈಗಾರಿಕೆಗಳ ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವ ಅಧಿಕೃತ ಕೇಂದ್ರಗಳಿಗೆ ಸಾಗಿಸುವ ಹೊಣೆಯನ್ನು ಜಿಲ್ಲಾಡಳಿತ ಹೊರಬೇಕು. ವಿಂಗಡಿಸುವ ಹೆಣ್ಣುಮಕ್ಕಳಿಗೆ ಕೈಗವಸು ಮತ್ತು ತರಬೇತಿ ಇದರ ಮೊದಲ ಷರತ್ತಾಗಬೇಕು.

ನದಿಯ ಮೂಲದಲ್ಲಿ ಬದುಕುವವರಿಗೆ ಒಂದು ವಿಶೇಷ ಹೊಣೆಯಿದೆ. ನಮಗಿಂತ ಮೇಲೆ ಯಾರೂ ಇಲ್ಲ. ನಾವು ಬಿಟ್ಟದ್ದನ್ನು ಕುಡಿಯುವವರು ಬಯಲುಸೀಮೆಯವರೆಗೂ ಕರಾವಳಿಯವರೆಗೂ ಇದ್ದಾರೆ. ಗಣಿಯ ರಾಡಿಯನ್ನು ಹೊಳೆಗೆ ಬಿಟ್ಟವರನ್ನು ಪ್ರಶ್ನಿಸಿದ ನೈತಿಕ ಹಕ್ಕು ನಮ್ಮಲ್ಲಿ ಉಳಿಯಬೇಕಾದರೆ ನಮ್ಮ ಬಸಿಗಾಲುವೆಯ ಲೆಕ್ಕವನ್ನೂ ನಾವೇ ಒಪ್ಪಿಸಬೇಕು.

ಆ ಯುವಕ ಜೀಪನ್ನು ಗುಜರಿಗೆ ಕೊಟ್ಟಿಲ್ಲವೆಂಬುದು ಸಂತೋಷದ ಸುದ್ದಿ. ಸುಕ್ಕುಗಟ್ಟಿದ ಬಾನೆಟ್ಟನ್ನು ನೀರು ತಾಗಿಸಿ ಉಜ್ಜುತ್ತಿದ್ದಾನೆ. ಈ ಬಾರಿ ಕುಂಚದಿಂದಲೇ ಬಳಿಯುತ್ತಾನಂತೆ. ರಾಡಿ ತುಂಬಿದ ಎರಡು ಡಬ್ಬಗಳನ್ನು ಮುಚ್ಚಿ ಕಟ್ಟಿಟ್ಟುಕೊಂಡು, ಯಾರಿಗೆ ಕೊಡಲಿ ಎಂದು ಪಂಚಾಯಿತಿಯನ್ನು ಕೇಳಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಓದುಗರು ತಮ್ಮ ತಮ್ಮ ಊರುಗಳಲ್ಲಿ ಇದೇ ಪ್ರಶ್ನೆಯನ್ನು ಲಿಖಿತವಾಗಿ ಕೇಳಬೇಕು, ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು ಎಂಬುದು ನಮ್ಮ ವಿನಂತಿ.